ಕಸ್ತೂರಿಗೊಂದು ವಿಶೇಷಣ

ಒಂದೇ ಒಂದು ಇಂಗ್ಲಿಷ್ ಶಬ್ದ ಬದಲಾಯಿಸಲು ನೀವು ಎಂದಾದರೂ ಬಸ್ಸು ಹತ್ತಿ ಊರಾಚೆ ಹೋಗಿದ್ದೀರಾ?

ನಾನು ಹೋದೆ. ಹೋದ ತಿಂಗಳ ಒಂದು ಶನಿವಾರ, ಅರ್ಧ ದಿನದ ಆಫೀಸು ಮುಗಿಸಿ, ತಲೆ ಸುಡುವ ಬಿಸಿಲಲ್ಲಿ, ಮದ್ರಾಸಿನ ಪಾರೀಸ್ ಕಾರ್ನರಿನಿಂದ ತಿರುವೊಟ್ಟಿಯೂರಿಗೆ. ಪಕ್ಕದ ಸೀಟಿನಲ್ಲಿ ಕಸ್ತೂರಿ ಕೂತಿದ್ದಳು. ದಾರಿಯುದ್ದಕ್ಕೂ ನಾನು 'ವಾ' ಅಂದರೆ ಅವಳು 'ವಾಂಗ' ಅನ್ನುತ್ತಿದ್ದಳು, ನಾನು 'ಪೋ' ಅಂದರೆ ಅವಳು 'ಪೋಂಗ' ಅನ್ನುತ್ತಿದ್ದಳು. ಮುಂದಿನ ಸೀಟಿನ ಹೆಂಗಸು ಎರಡು ಸಲ ತಿರುಗಿ ನೋಡಿ, ನಮ್ಮಿಬ್ಬರಲ್ಲಿ ಯಾರಿಗೆ ತಲೆ ಸರಿಯಿಲ್ಲ ಅಂತ ತೀರ್ಮಾನಿಸಲಾಗದೆ ಸುಮ್ಮನಾದಳು.

ನಾವು ಬದಲಾಯಿಸಬೇಕಾಗಿದ್ದ ಶಬ್ದ 'ಇನ್ಸೊಲೆಂಟ್'. ಅಷ್ಟಕ್ಕೆ ಇಷ್ಟು ದೂರವೇ ಅನ್ನುತ್ತೀರಾ? ಆ ಶಬ್ದದ ಮೇಲೆ ಒಬ್ಬ ಹುಡುಗಿಯ ಕೆಲಸ ನಿಂತಿತ್ತು.

ಮೊದಲಿನಿಂದ ಹೇಳುತ್ತೇನೆ.

ಮೌಂಟ್ ರೋಡಿನ ಒಂದು ವಿಮಾ ಕಚೇರಿಯಲ್ಲಿ ನಾನು ಸೆಕ್ಷನ್ ಹೆಡ್ ಎಂಬುದು ಈ ಅಂಕಣ ಓದುವವರಿಗೆ ಗೊತ್ತೇ ಇದೆ. (ನನ್ನ ಕುರ್ಚಿಗೆ ಕೈಗಳಿವೆ, ಉಳಿದವರ ಕುರ್ಚಿಗೆ ಇಲ್ಲ. ಅಧಿಕಾರದ ವ್ಯತ್ಯಾಸ ಅಷ್ಟೇ.) ಕಳೆದ ದೀಪಾವಳಿಯ ಹೊತ್ತಿಗೆ ನಮ್ಮ ಸೆಕ್ಷನ್ನಿಗೆ ಹೊಸಬಳೊಬ್ಬಳು ಬಂದಳು. ಗದಗಿನ ಹುಡುಗಿ, ಇದೇ ಕಸ್ತೂರಿ. ಉದ್ದ ಜಡೆ, ಗಟ್ಟಿ ದನಿ, ಕೈಯಲ್ಲಿ ಒಂದು ಟ್ರಂಕು. ಪರೀಕ್ಷೆ ಪಾಸು ಮಾಡಿ ಮದ್ರಾಸಿಗೆ ಪೋಸ್ಟಿಂಗ್ ಆಗಿ ಬಂದವಳಿಗೆ ತಮಿಳಿನ ಒಂದಕ್ಷರ ಬರುತ್ತಿರಲಿಲ್ಲ. ನಾನು ಕನ್ನಡದವಳು ಅಂತ ತಿಳಿದ ಕ್ಷಣ ಟ್ರಂಕು ಕೆಳಗಿಟ್ಟು ನನ್ನ ಎರಡೂ ಕೈ ಹಿಡಿದುಕೊಂಡಳು. ಅಂದಿನಿಂದ ನಾನು ಅವಳಿಗೆ 'ಅಕ್ಕಾರ'.

ಅವಳಪ್ಪ ಮಗಳನ್ನು ಒಬ್ಬಳೇ ಕಳಿಸಲು ಒಪ್ಪಿದ್ದು ಒಂದೇ ಷರತ್ತಿನ ಮೇಲೆ. ಪ್ರೊಬೇಷನ್ ಮುಗಿದು ಕೆಲಸ ಕನ್‌ಫರ್ಮ್ ಆದರೆ ಸರಿ. ಆಗದಿದ್ದರೆ ವಾಪಸು ಬಂದು, ತಾನು ನೋಡಿಟ್ಟ ಸೋದರಳಿಯನನ್ನು ಮದುವೆಯಾಗಬೇಕು. ಆ ಸೋದರಳಿಯನ ಬಗ್ಗೆ ಅವಳು ಹೆಚ್ಚು ಹೇಳಲಿಲ್ಲ. "ಚಲೋ ಹುಡುಗನ ಅದಾನ್ರಿ, ಆದ್ರ ನನಗ ಬ್ಯಾಡ್ರಿ" ಅಂದಳು, ಅಷ್ಟೇ.

ಕೆಲಸದಲ್ಲಿ ಅವಳು ಗಟ್ಟಿಗಿತ್ತಿ. ಟೈಪ್‌ರೈಟರ್ ಮುಂದೆ ಕೂತರೆ ಆಚೀಚೆ ನೋಡುತ್ತಿರಲಿಲ್ಲ. ಅದಕ್ಕಿಂತ ಆಶ್ಚರ್ಯವೆಂದರೆ, ಪೊಂಗಲ್ ಕಳೆಯುವ ಹೊತ್ತಿಗೆ ಪಟಪಟನೆ ತಮಿಳು ಮಾತಾಡತೊಡಗಿದಳು. ಮದ್ರಾಸಿಗೆ ಬಂದ ಮೊದಲ ವರ್ಷವಿಡೀ ಕೈಸನ್ನೆಯಲ್ಲಿ ಕೊತ್ತಂಬರಿ ಸೊಪ್ಪು ಕೊಂಡವಳು ನಾನು. ಹಾಗಾಗಿ ನನಗೆ ತುಸು ಹೊಟ್ಟೆಕಿಚ್ಚೇ ಆಯಿತೆನ್ನಿ. ಯಾರು ಕಲಿಸಿದರು ಅಂತ ಕೇಳಿದೆ. ಮಾಂಬಲದಲ್ಲಿ ಅವಳು ಬಾಡಿಗೆಗಿದ್ದ ಮನೆಯ ಕೆಳಗೆ ಮಾಲೀಕರ ಮೂವರು ಪುಟ್ಟ ಮೊಮ್ಮಕ್ಕಳಂತೆ. ಸಂಜೆಯೆಲ್ಲ ಅವರ ಜೊತೆಯೇ ಆಟ, ಅವರ ಜೊತೆಯೇ ಮಾತು. ಅವರಮ್ಮ ಅವರನ್ನು ಕರೆಯುವುದು, ಕೂರಿಸುವುದು, ಉಣ್ಣಿಸುವುದು, ಗದರುವುದು, ಇದೇ ಕಸ್ತೂರಿಯ ತಮಿಳು ಪಾಠ.

ಎಡವಟ್ಟು ಎಲ್ಲಾಯಿತು ಅಂತ ನಿಮಗೆ ಈಗಲೇ ಹೊಳೆದಿರಬೇಕು.

ನಮ್ಮಲ್ಲಿ 'ಬಾ' ಮತ್ತು 'ಬನ್ನಿ' ಇರುವ ಹಾಗೆ ತಮಿಳಿನಲ್ಲಿ 'ವಾ' ಮತ್ತು 'ವಾಂಗ'. ಮೂರು ವರ್ಷದ ಮಗುವಿಗೆ ಯಾವ ತಾಯಿ 'ವಾಂಗ' ಅಂತಾಳೆ? ಕಸ್ತೂರಿ ಕಲಿತದ್ದೆಲ್ಲ ವಾ, ಪೋ, ಉಕ್ಕಾರು, ಕುಡು. ಬಾ, ಹೋಗು, ಕೂತ್ಕೋ, ಕೊಡು. ನೀವು ಎನ್ನುವುದಕ್ಕೆ ಅಲ್ಲಿ ಬೇರೆ ಶಬ್ದ ಇದೆ ಎನ್ನುವುದೇ ಅವಳಿಗೆ ಗೊತ್ತಿರಲಿಲ್ಲ. ನಮ್ಮ ರೆಕಾರ್ಡ್ ರೂಮಿನ ಮುರುಗೇಶನ್‌ಗೆ ಮೊಮ್ಮಕ್ಕಳಿದ್ದಾರೆ. ಅವರಿಗೂ "ಅಂದ ಫೈಲ್ ಎಡುತ್ತು ಕುಡು" ಅಂತ ಹೇಳುತ್ತಿದ್ದಳು, ಆ ಫೈಲ್ ತೆಗೆದುಕೊಡು ಅಂತ. ಅವರು ಮೀಸೆಯೊಳಗೇ ನಗುತ್ತ ತಂದುಕೊಡುತ್ತಿದ್ದರು. ಸೆಕ್ಷನ್ನಿನಲ್ಲಿ ಎಲ್ಲರಿಗೂ ಅದೊಂದು ಖುಷಿ. ಟೀ ಹೊತ್ತಿಗೆ ಅವಳನ್ನು ಬೇಕೆಂದೇ ಮಾತಿಗೆಳೆಯುತ್ತಿದ್ದರು. ನಗುವುದನ್ನು ನೋಡಿ ಅವಳು, ಎಲ್ಲರಿಗೂ ನನ್ನ ಮೇಲೆ ಎಷ್ಟು ಪ್ರೀತಿ ಅಂದುಕೊಂಡಳು. (ಪ್ರೀತಿ ಇದ್ದದ್ದೂ ನಿಜವೇ.)

ಆಮೇಲೆ ಬಂದದ್ದು ಆ ಮಂಗಳವಾರ.

ಕೌಂಟರಿನಲ್ಲಿ ಕೂರುವವರು ರಜೆ ಹಾಕಿದ್ದರು. ಕಸ್ತೂರಿಯನ್ನು ಅಲ್ಲಿ ಕೂರಿಸಿದೆವು. ಹನ್ನೊಂದರ ಸುಮಾರಿಗೆ ಒಬ್ಬರು ಹಿರಿಯರು ಬಂದರು. ಇಸ್ತ್ರಿ ಮಾಡಿದ ಬಿಳಿ ವೇಷ್ಟಿ, ತುಂಬುತೋಳಿನ ಅಂಗಿ, ಕಂಕುಳಲ್ಲಿ ಕೊಡೆ. ಸದಾಶಿವಂ ಅಂತ, ನಿವೃತ್ತ ಇಂಗ್ಲಿಷ್ ಮೇಷ್ಟ್ರು ಎನ್ನುವುದು ಆಮೇಲೆ ತಿಳಿಯಿತು. ಅವರ ಪಾಲಿಸಿಯಲ್ಲಿ ಹೆಸರಿನ ಸ್ಪೆಲ್ಲಿಂಗ್ ಒಂದಕ್ಷರ ತಪ್ಪಾಗಿತ್ತಂತೆ. ಬೇರೆಯವರಾದರೆ ಬಿಟ್ಟುಬಿಡುತ್ತಿದ್ದರು. ಜೀವಮಾನವೆಲ್ಲ ಹುಡುಗರ ಸ್ಪೆಲ್ಲಿಂಗ್ ತಿದ್ದಿದವರು ತಮ್ಮ ಹೆಸರಿನದನ್ನು ಬಿಡುತ್ತಾರೆಯೇ? ಅದಕ್ಕಾಗಿಯೇ ತಿರುವೊಟ್ಟಿಯೂರಿನಿಂದ ಎರಡು ಬಸ್ಸು ಬದಲಾಯಿಸಿ ಬಂದಿದ್ದರು.

ವಯಸ್ಸಾದವರು ನಿಂತಿದ್ದಾರೆ. ಕಸ್ತೂರಿಗೆ ಕರುಳು ಚುರುಕ್ಕಂದಿತು. ಎದ್ದು ತನ್ನದೇ ಕುರ್ಚಿ ಈಚೆ ತಂದಿಟ್ಟು, ಮುಖದ ತುಂಬ ನಗುತ್ತ, ಹಾಲಿನ ಮೂಲೆಗೂ ಕೇಳುವ ಹಾಗೆ ಹೇಳಿದಳು:

"ವಾ, ವಾ. ಉಕ್ಕಾರು. ಉನಕ್ಕು ಎನ್ನ ವೇಣುಂ?"

ಬಾ, ಬಾ. ಕೂತ್ಕೋ. ನಿನಗೇನು ಬೇಕು?

ಅವರು ಕೂತರು. ಅದು ನನಗೆ ಚೆನ್ನಾಗಿ ನೆನಪಿದೆ. ಕೂತವರು ಸುತ್ತಲೂ ನೋಡಿದರು. ಕ್ಯೂನಲ್ಲಿದ್ದವರು ಇವರನ್ನೇ ನೋಡುತ್ತಿದ್ದರು, ಒಂದಿಬ್ಬರು ನಗುತ್ತಲೂ ಇದ್ದರು. ಅಷ್ಟರಲ್ಲಿ ಕಸ್ತೂರಿ ಫೈಲ್ ಹುಡುಕುತ್ತ, ಸ್ವಲ್ಪ ಇರು, ಅವಸರ ಮಾಡಬೇಡ ಅಂತ ಅದೇ ತಮಿಳಿನಲ್ಲಿ ಸೇರಿಸಿದಳು. ಅವರು ಎದ್ದುನಿಂತರು. ದನಿ ಏರಿಸಲಿಲ್ಲ. ಕ್ಲಾಸಿನ ಕೊನೆಯ ಬೆಂಚಿಗೂ ತಲುಪಿ ಅಭ್ಯಾಸವಾದ ದನಿ, ಏರಿಸುವ ಅಗತ್ಯವೂ ಇರಲಿಲ್ಲ.

"ದಿಸ್ ಗರ್ಲ್ ಈಸ್ ಇನ್ಸೊಲೆಂಟ್" ಅಂದರು.

ನೇರ ಮ್ಯಾನೇಜರ ಕೋಣೆಗೆ ಹೋಗಿ ಅದೇ ವಾಕ್ಯ ಹೇಳಿ, ಹೆಸರು ತಿದ್ದಿಸಿಕೊಳ್ಳದೆಯೇ ಹೊರಟುಹೋದರು.

ಕಸ್ತೂರಿ ನನ್ನ ಮೇಜಿನ ಹತ್ತಿರ ಬಂದು ಮೆಲ್ಲಗೆ ಕೇಳಿದಳು.

"ಇನ್ಸೊಲೆಂಟ್ ಅಂದ್ರ ಏನ್ರಿ ಅಕ್ಕಾರ?"

ಉದ್ಧಟ ಅಂದೆ.

"ನಾ ಕುರ್ಚಿ ಕೊಟ್ಟೆ. ಕೂಡು ಅಂದೆ. ಅದು ಉದ್ಧಟತನ ಹೆಂಗಾಕ್ಕೈತ್ರಿ?"

ಆಗ ಕೂರಿಸಿಕೊಂಡು ವಾ, ವಾಂಗ ಎರಡರ ವ್ಯತ್ಯಾಸ ಹೇಳಿದೆ. ಕೇಳುತ್ತ ಕೇಳುತ್ತ ಅವಳ ಮುಖದ ಬಣ್ಣ ಇಳಿಯಿತು. ತಾನು ಈವರೆಗೆ ಯಾರ್‍ಯಾರಿಗೆ ವಾ ಪೋ ಅಂದಿದ್ದೇನೆ ಅಂತ ನೆನಪು ಮಾಡಿಕೊಳ್ಳತೊಡಗಿದಳು. ಮುರುಗೇಶನ್. ಮನೆ ಮಾಲೀಕರು. ದೇವಸ್ಥಾನದ ಅರ್ಚಕರು. ಮ್ಯಾನೇಜರಿಗಂತೂ ದಿನಾ, ಇಲ್ಲಿ ಕೈಯೆಳುತ್ತು ಪೋಡು, ಅಂದರೆ ಸಹಿ ಹಾಕು ಅಂತ ಬೆರಳಿಟ್ಟು ತೋರಿಸುತ್ತಿದ್ದಳಂತೆ. ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆಮೇಲೆ ಅದರೊಳಗಿಂದಲೇ ಒಂದು ಮಾತು ಬಂತು.

"ನಮ್ಮಾಗ 'ರೀ' ಹಚ್ಚತೀವಿ, ಮುಗೀತು. ತಮಿಳಿನ್ಯಾಗ 'ರೀ' ಎಲ್ಲಿ ಹಚ್ಚೋದು ಅಂತ ಒಬ್ರೂ ಹೇಳಲಿಲ್ಲಲ್ರಿ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವಳು ಅಳುತ್ತಿದ್ದಳು, ಹಾಗಾಗಿ ನಾನು ನಗಲಿಲ್ಲ.

ನಮ್ಮ ಮ್ಯಾನೇಜರ್ ರಾಘವನ್ ಕೆಟ್ಟ ಮನುಷ್ಯರಲ್ಲ. ಅವರಿಗಿರುವುದು ಒಂದೇ ಚಟ, ಇಂಗ್ಲಿಷ್. ಮೇಜಿನ ಮೇಲೆ ದಪ್ಪ ಡಿಕ್ಷನರಿ ಸದಾ ತೆರೆದೇ ಇರುತ್ತದೆ. ರಜೆ ಚೀಟಿಯಲ್ಲಿ ವ್ಯಾಕರಣ ತಪ್ಪಿದ್ದರೆ ಮೊದಲು ಅದನ್ನು ತಿದ್ದಿ ಆಮೇಲೆ ರಜೆ ಕೊಡುತ್ತಾರೆ. ಮುಂದಿನ ಸೋಮವಾರವೇ ಕಸ್ತೂರಿಯ ಪ್ರೊಬೇಷನ್ ವರದಿ ಮೇಲಿನ ಆಫೀಸಿಗೆ ಹೋಗಬೇಕಿತ್ತು. ಅದರಲ್ಲಿ 'ಕಾಂಡಕ್ಟ್' ಅಂತ ಒಂದು ಜಾಗ. ಪಾಲಿಸಿದಾರರು ಇಡೀ ಹಾಲಿನೆದುರು ಹೇಳಿದ ಮಾತನ್ನು ತಾನು ಬರೆಯದೆ ಇರುವುದು ಹೇಗೆ ಅಂತ ಅವರ ಪ್ರಶ್ನೆ. ಆ ಶಬ್ದ ವರದಿಯಲ್ಲಿ ಮೇಲಕ್ಕೆ ಹೋದರೆ ಹುಡುಗಿಯ ಕೆಲಸವೇ ಹೋಗುತ್ತದೆ ಅಂತ ನಾನು ಹೇಳಿದೆ.

ಹಾಗಾದರೆ 'ಇಂಪರ್ಟಿನೆಂಟ್' ಅಂತ ಹಾಕಲೇ, ಸ್ವಲ್ಪ ಮೆತ್ತಗಿದೆ ಅಂದರು.

ಅದು ಅಧಿಕಪ್ರಸಂಗಿಗೆ ಹೇಳುವ ಮಾತಲ್ಲವೇ ಸಾರ್, ತನಗೆ ಸಂಬಂಧವಿಲ್ಲದಲ್ಲಿ ಬಾಯಿ ಹಾಕುವವರಿಗೆ ಅಂದೆ. ಇವಳು ಕೂತದ್ದೇ ಕೌಂಟರಿನಲ್ಲಿ, ಏನು ಬೇಕು ಅಂತ ಕೇಳುವುದೇ ಇವಳ ಕೆಲಸ.

ಹೌದೆನ್ನಿಸಿತು ಅವರಿಗೆ. 'ಕರ್ಟ್'? ಮೊಟಕು ಮಾತಿನವಳು? ಸಾರ್, ಅವಳು ಒಂದು ಕೇಳಿದರೆ ನಾಲ್ಕು ಹೇಳುತ್ತಾಳೆ. 'ಡಿಸ್‌ಕರ್ಟಿಯಸ್'? ತನ್ನ ಕುರ್ಚಿ ಬಿಟ್ಟುಕೊಟ್ಟವಳಿಗೆ ಆ ಮಾತು ಹೇಗೆ ಹೊಂದುತ್ತದೆ? 'ಬ್ಲಂಟ್'? 'ರೂಡ್'? ರಾಘವನ್ ಡಿಕ್ಷನರಿಯ ಪುಟ ತಿರುವುತ್ತ ತಿರುವುತ್ತ ಹುಡುಗಿಯನ್ನು ಮರೆತೇಬಿಟ್ಟರು. ಮುಖದಲ್ಲಿ ಹಬ್ಬದ ಕಳೆ. ನನಗೋ ಒಳಗೊಳಗೇ ಉರಿ. ನಾವಿಲ್ಲಿ ಬೈಗುಳಗಳನ್ನು ಹೀಗೆ ತೂಕಕ್ಕೆ ಹಾಕುತ್ತ ಕೂತಿದ್ದೇವೆ, ಬೈಸಿಕೊಂಡವಳು ಹೊರಗೆ ಕೂತಿದ್ದಾಳಲ್ಲ. (ತಪ್ಪಾದದ್ದು ತಮಿಳಿನಲ್ಲಿ, ಶಿಕ್ಷೆ ಇಂಗ್ಲಿಷಿನಲ್ಲಿ, ಅನುಭವಿಸುವವಳು ಕನ್ನಡದವಳು. ರಾಷ್ಟ್ರೀಯ ಭಾವೈಕ್ಯ ಅಂದರೆ ಇದೇ ಇರಬೇಕು.)

ಕೊನೆಗೆ ಅವರು ಒಂದು ದಾರಿ ತೋರಿಸಿದರು. ಶಬ್ದ ಪಾಲಿಸಿದಾರರದು, ಅವರೇ ಬದಲಾಯಿಸಲಿ. ಸೋಮವಾರ ಬೆಳಗ್ಗೆಯೊಳಗೆ ಆ ಹಿರಿಯರು ಬೇರೆ ಯಾವ ಶಬ್ದ ಹೇಳಿದರೂ ಅದನ್ನು ಬರೆಯುತ್ತೇನೆ ಅಂದರು. ಹೇಗೂ ಹೆಸರು ತಿದ್ದಲು ಅವರ ಸಹಿ ಬೇಕಿತ್ತು. ಆ ನೆಪದಲ್ಲಿ ಮನೆಗೇ ಹೋಗಿ ಬನ್ನಿ ಅಂತ ನನ್ನನ್ನೇ ಒಪ್ಪಿಸಿದರು.

ಅಂದು ಸಂಜೆ ಮನೆಯಲ್ಲಿ ಇದೇ ಮಾತು. ನನ್ನ ಮಗಳು ಎಲ್ಲ ಕೇಳಿ "ತಿಮಿರು" ಅಂದಳು. (ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಬರುವುದು ಮಾತ್ರ ತಮಿಳಿನಲ್ಲಿ. ಮಕ್ಕಳಿರುವ ಮದ್ರಾಸಿನ ಕನ್ನಡದ ಮನೆಗಳಲ್ಲಿ ಇದು ಹೊಸ ಸುದ್ದಿಯಲ್ಲ.) ತಿಮಿರು ಅಂದರೆ ಸೊಕ್ಕು. ನಮ್ಮತ್ತೆ ಮೈಸೂರಿನವರು, ಬತ್ತಿ ಹೊಸೆಯುತ್ತ ಕೂತಿದ್ದರು, ಒಪ್ಪಲಿಲ್ಲ.

"ಸೊಕ್ಕು ಬೇರೆ, ಒರಟು ಬೇರೆ ಕಣೇ. ಒರಟು ಅಂದ್ರೆ ಹೊಸ ಬಟ್ಟೆ ಇದ್ದ ಹಾಗೆ, ನಾಲ್ಕು ಸಲ ಒಗೆದ್ರೆ ಮೆತ್ತಗಾಗತ್ತೆ. ಸೊಕ್ಕು ಒಗೆದ್ರೆ ಹೋಗಲ್ಲ."

ಅದೂ ನಿಜ. ಆದರೆ ನನ್ನ ತಲೆಯಲ್ಲಿ ಬೇರೆಯೇ ಒಂದು ಓಡುತ್ತಿತ್ತು. ಏಕವಚನ ಅಂದರೆ ಅಷ್ಟು ದೊಡ್ಡ ಅಪರಾಧವೇ? ಅಮ್ಮನನ್ನು ನೀನು ಅನ್ನುತ್ತೇವೆ. ದೇವರನ್ನು ನೀನು ಅನ್ನುತ್ತೇವೆ. ಮ್ಯಾನೇಜರನ್ನು ನೀವು ಅನ್ನುತ್ತೇವೆ. ಈ ಮೂವರಲ್ಲಿ ಯಾರ ಮೇಲೆ ನಮಗೆ ಗೌರವ ಹೆಚ್ಚು?

ಇದನ್ನೇ ಆ ಮೇಷ್ಟ್ರಿಗೂ ಹೇಳಬೇಕು ಅಂತ ಸಿದ್ಧಮಾಡಿಕೊಂಡೆ. ಶನಿವಾರ ಬಸ್ಸು ಹತ್ತಿದ್ದು ಹಾಗೆ.

ಬಸ್ಸಿನಲ್ಲಿ ಕಸ್ತೂರಿ ತನ್ನ ಹೊಸ ವಿದ್ಯೆಯನ್ನು ಮೊದಲು ಪ್ರಯೋಗಿಸಿದ್ದು ಕಂಡಕ್ಟರ ಮೇಲೆ. "ರೆಂಡು ಟಿಕೆಟ್ ಕುಡುಂಗ" ಅಂದಳು. ಆ ರೂಟಿನಲ್ಲಿ ಯಾರೂ ಅವನಿಗೆ ಅಷ್ಟು ಮರ್ಯಾದೆ ಕೊಟ್ಟಿರಲಿಲ್ಲವೋ ಏನೋ, ಒಮ್ಮೆ ಅವಳನ್ನು ದಿಟ್ಟಿಸಿ ನೋಡಿ, ಟಿಕೆಟ್ಟನ್ನು ಮಡಿಸದೆ ಕೈಗಿಟ್ಟ. ಪರವಾಗಿಲ್ಲ, ಹುಡುಗಿ ಪಾಸಾಗುತ್ತಾಳೆ ಅನ್ನಿಸಿತು ನನಗೆ. ರಾಯಪುರಂ ದಾಟಿದ ಮೇಲೆ ಎಡಕ್ಕೆ ಕಾರ್ಖಾನೆಗಳ ಗೋಡೆ, ಬಲಕ್ಕೆ ಆಗಾಗ ಕಾಣುವ ಸಮುದ್ರ, ಒಣಗಹಾಕಿದ ಬಲೆಗಳು. ಕಸ್ತೂರಿ ಸಮುದ್ರ ಬಂದಾಗಲೆಲ್ಲ ಪಾಠ ನಿಲ್ಲಿಸಿ ನೋಡುತ್ತಿದ್ದಳು. ಇಷ್ಟು ನೀರು ಸುಮ್ಮನೆ ಬಿದ್ದೈತಲ್ರಿ ಅಂತ ಗದಗಿನವಳ ಸಂಕಟ.

ಮನೆ ಗುಡಿಯ ಹಿಂದಿನ ಬೀದಿಯಲ್ಲಿ. ಮುಂದೆ ಚಿಕ್ಕ ಜಗಲಿ, ಒಳಗೆ ತಂಪಾದ ಕೆಂಪು ನೆಲ. ಬಾಗಿಲು ತೆರೆದವರು ಅವರ ಹೆಂಡತಿ, ದುಂಡು ಮುಖದ ಮಾಮಿ. ಯಾರು ಏನು ಅಂತ ಕೇಳುವ ಮೊದಲೇ ಬನ್ನಿ ಬನ್ನಿ ಅಂತ ಒಳಗೆ ಕರೆದು ಫ್ಯಾನು ಹಾಕಿದರು. ಈಸಿ ಚೇರಿನಲ್ಲಿದ್ದ ಸದಾಶಿವಂ ಕಸ್ತೂರಿಯನ್ನು ಗುರುತಿಸಿದರು. ಕೂರಿ ಅನ್ನಲಿಲ್ಲ. ಮಾಮಿ ಚಾಪೆ ಹಾಕಿ ಕೂರಿಸಿ ಕಾಫಿಗೆ ಒಳಗೆ ಹೋದರು.

ಮೊದಲು ಹೆಸರಿನ ಕೆಲಸ ಮುಗಿಸಿದೆ. ಪ್ರತಿ ಅಕ್ಷರವನ್ನೂ ಬೆರಳಿಟ್ಟು ಓದಿ ಸಹಿ ಹಾಕಿದರು. ಆಮೇಲೆ ನಾನು ಮಾತು ತೆಗೆದೆ. ಅವಳ ಊರು, ಕೆಳಗಿನ ಮನೆಯ ಮಕ್ಕಳು, ಅವಳು ಕಲಿತ ತಮಿಳು, ಪ್ರೊಬೇಷನ್, ಎಲ್ಲ ಹೇಳಿದೆ. ಅಮ್ಮ ಮತ್ತು ದೇವರ ವಾದವನ್ನೂ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಮೇಷ್ಟ್ರುಗಳು ಕೇಳಿಸಿಕೊಳ್ಳುವ ರೀತಿ ನಿಮಗೆ ಗೊತ್ತಲ್ಲ, ತಪ್ಪು ಎಲ್ಲಿ ಸಿಗುತ್ತದೆ ಅಂತ ಕಾಯುತ್ತ.

ಭಾಷೆ ಬಾರದಿದ್ದರೆ ಸುಮ್ಮನೆ ಕೈ ತೋರಿಸಬಹುದಿತ್ತು ಅಂದರು. ಅಷ್ಟು ಜನರ ನಡುವೆ ತನಗಾದ ಅವಮಾನ ಭಾಷೆ ಬಾರದವರಿಂದ ಆಗುವಂಥದ್ದಲ್ಲ ಅಂದರು. ತಾನು ಆ ಶಬ್ದವನ್ನು ಬಾಯಿಗೆ ಬಂದಂತೆ ಆಡಲಿಲ್ಲ, ಆರಿಸಿಯೇ ಆಡಿದೆ ಅಂತಲೂ ಹೇಳಿದರು. ಆಮೇಲೆ ನನಗೆ ಒಂದು ಸಣ್ಣ ಪಾಠ ಮಾಡಿದರು. ತಮಿಳೂ ಇಂಗ್ಲಿಷೂ ಬೆರೆಸಿ ಹೇಳಿದ್ದರ ಸಾರ ಇದು:

"ರೂಡ್ ಆದವನ ಹತ್ತಿರ ಮರ್ಯಾದೆ ಇರುವುದೇ ಇಲ್ಲ. ಇನ್ಸೊಲೆಂಟ್ ಆದವನ ಹತ್ತಿರ ಇರುತ್ತದೆ. ಇದ್ದೂ ನಿಮಗೆ ಕೊಡುವುದಿಲ್ಲ. ಈ ಹುಡುಗಿ ನಗುತ್ತ ನಗುತ್ತ ಹೇಳಿದಳು. ಆ ನಗು ನೋಡಿಯೇ ನಾನು ಶಬ್ದ ಆರಿಸಿದ್ದು."

ಎಂಥ ಸ್ಪಷ್ಟ ಮಾತು ನೋಡಿ. ರಾಘವನ್ ಅವರ ಡಿಕ್ಷನರಿಯಲ್ಲಿ ಅರ್ಧ ಗಂಟೆ ಹುಡುಕಿದರೂ ನಮಗೆ ಸಿಗದಿದ್ದ ವ್ಯತ್ಯಾಸ ಅದು. ಮಾತೇನೋ ಸರಿ. ಆದರೆ ಆ ನಗು ಪ್ರೀತಿಯ ನಗು ಅಂತ ಸಾಬೀತು ಮಾಡುವುದು ಹೇಗೆ?

ಆಗ ಕಸ್ತೂರಿ ಎದ್ದು ನಿಂತಳು. ನಾನು ಏನೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಟ್ಟಿದ್ದು ಬರೀ ಆ 'ಂಗ' ಒಂದನ್ನು. ಅವಳು ಎರಡೂ ಕೈ ಜೋಡಿಸಿದಳು. ಮಾತು ಒಂದೇ ಉಸಿರಿಗೆ ಬಂತು.

"ನೀ ಕೋವಿಚ್ಚುಕ್ಕಾದೆ. ಎನಕ್ಕು ತಮಿಳ್ ತೆರಿಯಾದು. ಇನಿಮೇ ಉನಕ್ಕು ಮರಿಯಾದೈ ಕುಡುಪ್ಪೇನ್."

ನೀನು ಕೋಪ ಮಾಡ್ಕೋಬೇಡ. ನನಗೆ ತಮಿಳು ಬರೋದಿಲ್ಲ. ಇನ್ನು ಮೇಲೆ ನಿನಗೆ ಮರ್ಯಾದೆ ಕೊಡ್ತೀನಿ.

ನಾನು ಕಣ್ಣು ಮುಚ್ಚಿಕೊಂಡೆ. ಬಸ್ಸಿನಲ್ಲಿ ಅಷ್ಟು ದೂರ ಕಲಿತ 'ವಾಂಗ', 'ಪೋಂಗ' ಎಲ್ಲ ಸಮುದ್ರ ಪಾಲು. ಒಬ್ಬ ಕಂಡಕ್ಟರ್‌ಗೆ ಸಿಕ್ಕ ಮರ್ಯಾದೆ ಕಾಲು ನೀಡಿ ಕೂತ ಈ ಮೇಷ್ಟ್ರಿಗೆ ಸಿಗಲಿಲ್ಲ. ಮುಗಿಯಿತು, ಗದಗಿನ ಸೋದರಳಿಯ ಮದುವೆಗೆ ಸಿದ್ಧನಾಗಬಹುದು ಅಂದುಕೊಂಡೆ.

ಮೊದಲು ನಕ್ಕವರು ಮಾಮಿ. ಕಾಫಿ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದವರು ಲೋಟ ಚೆಲ್ಲದಂತೆ ಬಾಗಿಲಿಗೊರಗಿ, ಸದ್ದಿಲ್ಲದೆ, ಮೈಯೆಲ್ಲ ಕುಲುಕಿಸಿ ನಗುತ್ತಿದ್ದರು. ಸದಾಶಿವಂ ನಗಲಿಲ್ಲ. ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು. ಏನಂದೆ, ಇನ್ನೊಮ್ಮೆ ಹೇಳು ಅಂತ ಕೇಳಿದರು.

ತಾನು ಸರಿಯಾಗಿಯೇ ಹೇಳಿದ್ದೇನೆ, ಅವರಿಗೆ ಕೇಳಿಸಲಿಲ್ಲ ಅಂತ ಭಾವಿಸಿದ ಕಸ್ತೂರಿ ಇನ್ನೂ ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಹೇಳಿದಳು. ನಿನಗೆ. ಮರ್ಯಾದೆ. ಕೊಡ್ತೀನಿ.

ಆಗ ಅವರು ನಕ್ಕರು. ಬಹಳ ದಿನ ಮುಚ್ಚಿದ್ದ ಬೀರು ತೆರೆದ ಹಾಗೆ ಮೊದಲು ಒಂದು ಕಿರುಗುಟ್ಟುವ ಸದ್ದು, ಆಮೇಲೆ ನಗು. ಸುಳ್ಳು ನಗುವೂ ಸೊಕ್ಕಿನ ನಗುವೂ ತನಗೆ ಗೊತ್ತು ಅಂದುಕೊಂಡಿದ್ದ ಮೇಷ್ಟ್ರ ಎದುರು ಈ ಹುಡುಗಿ ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದಳು. ಇದನ್ನು ಯಾರಾದರೂ ಬೇಕೆಂದು ಮಾಡಲು ಸಾಧ್ಯವೇ?

ನಗು ನಿಂತ ಮೇಲೆ ಅವರು ಮಾಮಿಯ ಕಡೆ ತಿರುಗಿ ಮೆಲ್ಲಗೆ ಒಂದು ಮಾತು ಹೇಳಿದರು. ನಮಗೆ ಹೇಳಿದ್ದಲ್ಲ, ಆದರೆ ಚಿಕ್ಕ ಮನೆ, ಕೇಳಿಸಿತು.

"ಅಕ್ಕ ಹೋದ ಮೇಲೆ ನನ್ನನ್ನ ಯಾರೂ 'ನೀ' ಅಂದಿರಲಿಲ್ಲ."

ಮಾಮಿ ತಲೆಯಾಡಿಸಿದರು. ಕಾಫಿ ಕೊಡುತ್ತ ಅವರೇ ನನಗೆ ಬಿಡಿಸಿ ಹೇಳಿದ್ದು. ಮೇಷ್ಟ್ರ ಅಕ್ಕ ಕೊನೆಯವರೆಗೂ ಈ ಮನೆಯಲ್ಲೇ ಇದ್ದರಂತೆ. ತೀರಿಕೊಂಡು ವರ್ಷವಾಗುತ್ತ ಬಂತು. ಬೆಳಗಾದರೆ ಆಕೆಯ ದನಿ: ವಾ, ಉಕ್ಕಾರು, ಶಾಪ್ಪಿಡು. ಬಾ, ಕೂತ್ಕೋ, ಊಟ ಮಾಡು. ಊರಿಗೆಲ್ಲ ಸದಾಶಿವಂ ಸಾರ್ ಆದವರನ್ನು ಆಕೆ ಮಾತ್ರ ಚಿಕ್ಕ ಹುಡುಗನ ಹಾಗೆ ಗದರುತ್ತಿದ್ದರು. ಹೆಂಡತಿ 'ನೀಂಗ' ಅನ್ನುತ್ತಾರೆ, ಮಕ್ಕಳು 'ನೀಂಗ' ಅನ್ನುತ್ತಾರೆ, ಹಳೆಯ ವಿದ್ಯಾರ್ಥಿಗಳು ಎದುರು ನಿಂತು ಬಾಯಿಯನ್ನೇ ಬಿಡುವುದಿಲ್ಲ. ಜೊತೆಗೆ ಓದಿದವರು ಒಬ್ಬೊಬ್ಬರಾಗಿ ಹೊರಟುಹೋದರು.

ಅಂದು ಕೌಂಟರಿನಲ್ಲಿ ಏನಾಯಿತು ಅಂತ ಮೇಷ್ಟ್ರು ತಾವೇ ಹೇಳಿದರು. ವಾ, ಉಕ್ಕಾರು ಅಂತ ಕೇಳಿದ ಕೂಡಲೇ ತನಗೆ ಅರಿವಿಲ್ಲದೆ ಕೂತುಬಿಟ್ಟರಂತೆ, ಆ ಮಾತಿಗೆ ಮೈ ತಾನಾಗಿಯೇ ಬಾಗಿತಂತೆ. ಆಮೇಲೆ ಸುತ್ತ ನೋಡಿದರೆ ಅದು ತನ್ನ ಮನೆಯಲ್ಲ. ಜನ ನಗುತ್ತಿದ್ದಾರೆ. ಕೋಪ ಬಂದದ್ದು ಆಗ. ಆ ಕೋಪದಲ್ಲಿ ಎಷ್ಟು ಪಾಲು ಈ ಹುಡುಗಿಯ ಮೇಲಿತ್ತು ಅಂತ ಈಗ ಹೇಳಲಾರೆ ಅಂದರು. ಇಷ್ಟನ್ನು ಹೇಳಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಕಸ್ತೂರಿಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಕೋಪ ಇಳಿದಿದೆ ಅನ್ನುವುದು ಮಾತ್ರ ತಿಳಿದು ಕೂತು ಕಾಫಿ ಕುಡಿದಳು.

ಸಾರ್, ಸೋಮವಾರಕ್ಕೆ ನನಗೊಂದು ಶಬ್ದ ಬೇಕು ಅಂತ ನಾನು ಮೆತ್ತಗೆ ನೆನಪಿಸಿದೆ. ಮತ್ತೆ ಮೇಷ್ಟ್ರಾದರು. ಬೆನ್ನು ನೆಟ್ಟಗಾಯಿತು. 'ಇಲ್-ಮ್ಯಾನರ್ಡ್' ಅಂದು ತಲೆಯಾಡಿಸಿ ತಳ್ಳಿಹಾಕಿದರು. 'ಅನ್‌ಕೂತ್'? ಛೆ, ಅದು ನಾಗರಿಕತೆಯೇ ಇಲ್ಲದವರಿಗೆ. ಅವಳು ಎಷ್ಟು ತಿಂಗಳಿಂದ ಮದ್ರಾಸಿನಲ್ಲಿದ್ದಾಳೆ ಅಂತ ಕೇಳಿದರು. ಹೇಳಿದೆ. ಅಷ್ಟು ತಿಂಗಳಲ್ಲಿ ನಿಮ್ಮ ಆಫೀಸಿನಲ್ಲಿ ಒಬ್ಬರೂ ಅವಳನ್ನು ತಿದ್ದಲಿಲ್ಲವೇ ಅಂತ ಕೇಳಿದರು. ನಾನು ಕಾಫಿ ಲೋಟದ ತಳ ನೋಡಿದೆ.

"ನ್ಯೂ" ಅಂದರು. "ಶೀ ಈಸ್ ನ್ಯೂ. ದಟ್ ಈಸ್ ಆಲ್."

ಸೋಮವಾರ ರಾಘವನ್‌ಗೆ ಈ ಶಬ್ದ ಒಪ್ಪಿಸಿದಾಗ ಅವರ ಮುಖ ನೋಡಬೇಕಿತ್ತು. ಬಂಗಾರ ತರಲು ಕಳಿಸಿದರೆ ಬೆಲ್ಲ ತಂದಿದ್ದಾಳೆ ಅನ್ನುವ ಹಾಗೆ. ಮೂರಕ್ಷರದ ಶಬ್ದ, ಅದೂ ಒಂದನೇ ಕ್ಲಾಸಿನದು, ಅದನ್ನು ಕಾಂಡಕ್ಟ್ ಎದುರು ಬರೆಯುವುದು ಹೇಗೆ? ಬಹಳ ಹೊತ್ತು ಪೆನ್ನು ಕಚ್ಚಿಕೊಂಡು ಯೋಚಿಸಿ, ಹುಡುಗಿಗೆ ಇಲ್ಲಿನ ಸಂಬೋಧನೆಯ ಪದ್ಧತಿ ಇನ್ನೂ ಪರಿಚಯವಿಲ್ಲ, ಕಲಿಯುವ ಮನಸ್ಸಿದೆ ಅಂತ ಉದ್ದನೆಯ ಇಂಗ್ಲಿಷಿನಲ್ಲಿ ಬರೆದರು. ನನಗೆ ಎರಡು ಸಲ ಓದಿ ಕೇಳಿಸಿದರು. ಚೆನ್ನಾಗಿದೆ ಸಾರ್ ಅಂದೆ. ಅಂದದ್ದೂ ಮನಸಾರೆ.

ಈ ವಾರ ಕನ್‌ಫರ್ಮೇಷನ್ ಬಂತು. ಅವಳಪ್ಪ ಊರಿಂದ ಕರದಂಟು ಕಳಿಸಿದ್ದರು, ಇಡೀ ಸೆಕ್ಷನ್ ಬೆರಳು ನೆಕ್ಕಿಕೊಂಡಿತು. ಸೋದರಳಿಯನಿಗೆ ಬೇರೆ ಕಡೆ ನೋಡುತ್ತಿದ್ದಾರಂತೆ. ಅದನ್ನು ಹೇಳುವಾಗ ಅವಳ ಮುಖದಲ್ಲಿ ದುಃಖದ ಗುರುತು ನನಗಂತೂ ಕಾಣಲಿಲ್ಲ.

ಈಗ ಅವಳ ತಮಿಳಿನ ತುಂಬ 'ಂಗ'. ಮುರುಗೇಶನ್‌ಗೆ ಫೈಲ್ 'ಕುಡುಂಗ' ಅನ್ನುತ್ತಾಳೆ. ಅವರಿಗೆ ಅದು ಸುತರಾಂ ಹಿಡಿಸಿಲ್ಲ. ಏನಮ್ಮಾ, ನನ್ನ ಮೇಲೆ ಸಿಟ್ಟೇ ಅಂತ ಮೊನ್ನೆ ಕೇಳಿಯೇಬಿಟ್ಟರು. ಕೆಳಗಿನ ಮನೆಯ ಮೂವರು ಮಕ್ಕಳಿಗೂ ವಾಂಗ ಪೋಂಗ ಅಂತಾಳಂತೆ, ಅವು ಹೊಟ್ಟೆ ಹಿಡಿದುಕೊಂಡು ನಗುತ್ತವಂತೆ. ಎಲ್ಲಿ ನಿಲ್ಲಿಸಬೇಕು ಅನ್ನುವುದು ಮುಂದಿನ ಪಾಠ.

ಆ ಪಾಠ ನಡೆಯುವುದು ತಿರುವೊಟ್ಟಿಯೂರಿನಲ್ಲಿ. ಆಗೊಂದು ಈಗೊಂದು ಶನಿವಾರ ಅವಳು ಅಲ್ಲಿಗೆ ಹೋಗುತ್ತಾಳೆ. ಮಾಮಿ ಊಟ ಹಾಕುತ್ತಾರೆ, ಮೇಷ್ಟ್ರು ತಮಿಳನ್ನೂ ಇಂಗ್ಲಿಷನ್ನೂ ತಿದ್ದುತ್ತಾರೆ. ಕಳೆದ ಸಲ ಅವಳು ಬಲು ಜಾಗ್ರತೆಯಿಂದ, ನೀಂಗ ಎಪ್ಪಡಿ ಇರುಕ್ಕೀಂಗ, ಅಂದರೆ ನೀವು ಹೇಗಿದ್ದೀರಿ ಅಂತ ಕೇಳಿದಳಂತೆ. ಅವರು ಈಸಿ ಚೇರಿನಲ್ಲಿ ಕೂತಲ್ಲೇ ಕತ್ತು ಹೊರಳಿಸಿ ಹಿಂದೆ ನೋಡಿದರಂತೆ.

"ಯಾರನ್ನ ಕೇಳ್ತಿದೀಯಾ? ನನ್ನ ಹಿಂದೆ ಯಾರಾದರೂ ನಿಂತಿದ್ದಾರಾ?"

ಆ ಮನೆಯಲ್ಲಿ ಅವಳು 'ನೀ' ಅನ್ನಬೇಕು, ಬೇರೆ ಕಡೆಯೆಲ್ಲ 'ನೀಂಗ'. ಹಾಗಂತ ಕಟ್ಟಪ್ಪಣೆಯಾಗಿದೆ. ಕಸ್ತೂರಿ ಪಾಲಿಸುತ್ತಿದ್ದಾಳೆ.

ಇದನ್ನೆಲ್ಲ ಬರೆಯುತ್ತ ಕೂತಿದ್ದಾಗ ನಮ್ಮತ್ತೆ ಒಳಗಿನಿಂದ, ಇನ್ನೂ ಬರೀತಾ ಕೂತಿದೀಯಾ, ಎದ್ದು ಊಟ ಮಾಡೇ ಅಂತ ಗದರಿದರು. ಆಫೀಸಿನಲ್ಲಿ ನಾನು ಮೇಡಂ, ಬೀದಿಯಲ್ಲಿ ನಾನು ಮಾಮಿ, ಮಗಳ ಸ್ನೇಹಿತೆಯರಿಗೆ ಆಂಟಿ. ಬೇರೆ ದಿನವಾಗಿದ್ದರೆ ಬಂದೆ ಇರಿ ಅಂತ ಸಿಡುಕುತ್ತಿದ್ದೆ. ಈ ಸಲ ಪೆನ್ನು ಮುಚ್ಚಿಟ್ಟು ತಕ್ಷಣ ಎದ್ದೆ.

ನಿಮ್ಮನ್ನು 'ನೀನು' ಅನ್ನುವವರು ಇನ್ನು ಎಷ್ಟು ಮಂದಿ ಉಳಿದಿದ್ದಾರೆ?